ಪಾದರಸ ಮುಟ್ಟದ ಬಿಲ್ಲೆ

ನಮ್ಮಮ್ಮನ ತಲೆಕೂದಲನ್ನ ದಿನಾ ಸಂಜೆ ಒಬ್ಬ ಪರಗಂಡಸು ಬಾಚ್ತಿದ್ದ. ಸಿನಿಮಾ ಆಗಿದ್ರೆ ಇಲ್ಲೊಂದು ಹಾಡು ಬರ್ತಿತ್ತು. ನಮ್ಮಲ್ಲಿ ಬಿಳಿ ಬೆಡ್‌ಶೀಟು ಬರ್ತಿತ್ತು.

ಅಕ್ಕಸಾಲಿಗರ ಬೀದಿಯ ಕೊನೇಲಿ ಕಬ್ಬಿಣದ ಗೇಟು. ಅಲ್ಲಿ ಕಾವಲುಗಾರ ಆ ಬೆಡ್‌ಶೀಟು ಹಾಸ್ತಾನೆ. ಹನ್ನೆರಡು ಜನ ಹೆಂಗಸರು ಸಾಲಾಗಿ ನಿಲ್ಲಬೇಕು. ತುರುಬು ಬಿಚ್ಚಬೇಕು. ಬಗ್ಗಬೇಕು. ಹೇನು ಬಾಚಣಿಗೆ ಹಿಡ್ಕೊಂಡು ಬುಡದಿಂದ ತುದಿವರೆಗೂ ಎಳೀತಾನೆ. ಆಮೇಲೆ ಬಾಯಿ ತೆಗೀಬೇಕು. ನಾಲಿಗೆ ಎತ್ತಬೇಕು. ಉಗುರು ತೋರಿಸಬೇಕು. ಬೆಡ್‌ಶೀಟ್ ಮೇಲೆ ಬಿದ್ದ ಧೂಳು ವ್ಯಾಪಾರಿಗಳ ಸಂಘಕ್ಕೆ. ಹೇನು ಬಿದ್ರೆ ನಮಗೇ ವಾಪಸ್.

ಅವನಿಗೆ ನಾನಿಟ್ಟ ಹೆಸರು ಬಾಚಣಿಗೆ ಮಾವ. ನನಗೆ ಬೀದಿ ಇಟ್ಟ ಹೆಸರು ಡೈಲಾಗು.

ಬೆಳಿಗ್ಗೆ ನಾವು ಅಂಗಡಿಗಳ ಒಳಗೆ ಕಸ ಗುಡಿಸ್ತೀವಿ. ಆ ಧೂಳಲ್ಲಿ ಚಿನ್ನದ ಪುಡಿ ಇರುತ್ತೆ. ಅದು ಸಾಹುಕಾರ್ರದ್ದು. ಆಮೇಲೆ ಗಟಾರಕ್ಕೆ ಇಳೀತೀವಿ. ಕೆಸರಲ್ಲೂ ಚೂರುಪಾರು ಪುಡಿ ಇರುತ್ತೆ. ಅದು ನಮ್ಮದು. ಸಂಬಳ ಅಂತ ಇಲ್ಲ, ಕೆಸರೇ ಸಂಬಳ. ಹೊಸ್ತಿಲ ಒಳಗಿಂದು ಅವರದ್ದು, ಹೊಸ್ತಿಲ ಹೊರಗಿಂದು ನಮ್ಮದು. ನಮ್ಮಜ್ಜಿ ಕಾಲದ ಕರಾರು. ಒಳಗಿನ ಧೂಳು ತಲೇಲಿ ಕೂತು ಹೊರಗೆ ಬಂದ್ಬಿಟ್ರೆ ಕಷ್ಟ ಅಂತ ಈ ಬಾಚಣಿಗೆ.

ಅದರ ಕಾಟಕ್ಕೆ ಹನ್ನೊಂದು ಜನ ಕೂದಲು ಕತ್ತರಿಸಿಕೊಂಡ್ರು. ನಾನೂ. ಕೇಳಿದವರಿಗೆ ಬಾಬ್ ಕಟ್ಟು, ಲೇಟೆಸ್ಟು ಅಂತೀನಿ. ಅಮ್ಮ ಮಾತ್ರ ಕತ್ತರಿಸಲಿಲ್ಲ. ಸೊಂಟ ದಾಟುತ್ತೆ. ಇಪ್ಪತ್ತೆರಡು ವರ್ಷದಿಂದ ಬಿಚ್ಚಿ ತೋರಿಸ್ತಿದಾಳೆ. ಇಪ್ಪತ್ತೆರಡು ವರ್ಷದಿಂದ ಅದರಲ್ಲಿ ಏನೂ ಸಿಕ್ಕಿಲ್ಲ.

ಈಗ ಬಿಲ್ಲೆ ಕಥೆಗೆ ಬರ್ತೀನಿ.

ಅವತ್ತು ನಾನು ಒರೆಗಲ್ಲು ಸಾಹುಕಾರ್ರ ಅಂಗಡಿ ಮುಂದೆ ಗಟಾರದಲ್ಲಿದ್ದೆ. ಮೊಣಕಾಲವರೆಗೂ ಕಪ್ಪು ನೀರು. ಕೈಯಲ್ಲಿ ಗೋರು. ಬಾಯಲ್ಲಿ ಡೈಲಾಗು. "ಈ ಕೆಸರಿಗೆ ಇಳಿಯೋ ಗಂಡೆದೆ ಇಬ್ಬರಿಗೇ ಇರೋದು. ಒಂದು ನಾನು. ಇನ್ನೊಂದು ನಮ್ಮಮ್ಮ."

"ಬಾಯಿ ಮುಚ್ಚು, ನೊಣ ಹೋಗುತ್ತೆ," ಅಂದ್ಳು ಅಮ್ಮ.

ಒರೆಗಲ್ಲು ಸಾಹುಕಾರ್ರು ಅಂದ್ರೆ ಬೀದಿಗೇ ದೊಡ್ಡ ಪರೀಕ್ಷಕರು. ಸಂಘದ ಅಧ್ಯಕ್ಷರು. ಬಾಗಿಲ ಮೇಲೆ ಬೋರ್ಡು: 'ಹಳೆಯ ನಾಣ್ಯಗಳ ಪರೀಕ್ಷೆ. ಸಹಿ ಮಾಡಿದ ಚೀಟಿ ಕೊಡಲಾಗುತ್ತದೆ.' ಅವರ ಚೀಟಿ ಇದ್ರೆ ಬೀದಿ ಕಣ್ಮುಚ್ಚಿ ಮಾಲು ಕೊಳ್ಳುತ್ತೆ. ಹಿಂದಿನ ದಿನ ಯಾವನೋ ದಾರಿಹೋಕ ಅವರಿಗೆ ಒಂದು ಹಳೇ ಚಿನ್ನದ ನಾಣ್ಯ ಮಾರಿ ಹೋಗಿದ್ದ. ಅದರ ಮೇಲೆ ದಪ್ಪ ಮೂಗಿನ ಒಬ್ಬ ರಾಜ. ಗಾತ್ರ ಸರಿ, ತೂಕ ಸರಿ, ಬಣ್ಣ ಸರಿ. ಕೊಂಡಾದ ಮೇಲೆ ಸಾಹುಕಾರ್ರಿಗೆ ಏನೋ ಕಸಿವಿಸಿ ಆಗಿ ಅಂಚಿಗೆ ಅರ ಹಾಕಿದ್ದಾರೆ. ಒಳಗೆ ಬೆಳ್ಳಗೆ.

ಒಳಗಿಂದ ಕೂಗು ಕೇಳಿಸ್ತು. "ಖೋಟಾ. ನನಗೇ ಖೋಟಾ ಕೊಟ್ಟ, ನನಗೇ." ಹೊಸ್ತಿಲಿಗೆ ಬಂದ್ರು. ಗಟಾರಕ್ಕೆ ಎಸೆದ್ರು. ಅದು ನನ್ನ ಮೊಣಕಾಲಿಗೆ ಬಡಿದು ಕೆಸರೊಳಗೆ ಹೋಯ್ತು. ಹಿಂದೇನೇ ಒಂದು ಉಗುಳೂ ಬಂತು. ಅದೂ ಹೊಸ್ತಿಲ ಹೊರಗೆ ಬಿತ್ತು, ಅಂದ್ರೆ ಕರಾರಿನ ಪ್ರಕಾರ ಅದೂ ನಮ್ಮದೇ.

ಮಧ್ಯಾಹ್ನ ಅಮ್ಮ ಕೆಸರನ್ನ ಮರಿಗೇಲಿ ಹಾಕಿ ತೊಳೆಯೋಕೆ ಕೂತ್ಳು. ಮರಿಗೆ ಅಂದ್ರೆ ಅಗಲ ಬಾಯಿನ ಮರದ ತಟ್ಟೆ. ನೀರು ಹಾಕೋದು, ಅಲ್ಲಾಡಿಸೋದು, ಚೆಲ್ಲೋದು. ಹಗುರ ಇರೋದೆಲ್ಲ ಹೋಗುತ್ತೆ. ಭಾರ ಇರೋದು ಉಳಿಯುತ್ತೆ. ಇಷ್ಟು ವರ್ಷ ಕುಕ್ಕರಗಾಲಲ್ಲಿ ಕೂತು ಅಮ್ಮನ ಬೆನ್ನು ಕೊಕ್ಕೆ ಥರ ಆಗಿದೆ. ನಿಂತರೂ ನೆಟ್ಟಗಾಗಲ್ಲ.

"ಇದು ಖೋಟಾ ಅಂತ ಅವರೇ ಎಸೆದ್ರು ಕಣಮ್ಮ. ಒಳಗೆ ಸೀಸ ಇರ್ಬೇಕು. ಮೀನು ಹಿಡಿಯೋ ಗಾಳಕ್ಕೆ ಕಟ್ಟೋಣ."

ಅಮ್ಮ ಮರಿಗೆಯನ್ನ ಒಂದು ಸಲ ಬಲಕ್ಕೆ, ಒಂದು ಸಲ ಎಡಕ್ಕೆ ಅಲ್ಲಾಡಿಸಿದ್ಳು. "ಸೀಸ ಆಗಿದ್ರೆ ಜಾರ್ತಿತ್ತು. ಇದು ಚಿನ್ನದ ಪುಡಿ ಜೊತೆ ತಳ ಹಿಡ್ಕೊಂಡು ಕೂತಿದೆ ನೋಡು. ಮೇಲಿನ ಬಣ್ಣಕ್ಕೆ ಇಷ್ಟು ತೂಕ ಬರಲ್ಲ."

ಆಮೇಲೆ ಪಾದರಸ ಹಾಕಿದ್ಳು. ಪಾದರಸ ಚಿನ್ನ ಕಂಡ್ರೆ ಬಿಡಲ್ಲ, ತಬ್ಕೊಂಡು ಬಿಡುತ್ತೆ. ಹಾಗೇ ನಾವು ಪುಡಿ ಆರಿಸೋದು. ಬರಿ ಕೈಯಲ್ಲಿ ಉಜ್ಜಬೇಕು. ಅಮ್ಮನ ಕೈ ಯಾವಾಗಲೂ ನಡುಗೋದು ಅದಕ್ಕೇ. ಲೋಟ ಹಿಡಿದ್ರೆ ನೀರು ತುಳುಕುತ್ತೆ. ಬಿಲ್ಲೆ ಮೇಲಿನ ಹಳದಿಯನ್ನೆಲ್ಲ ಪಾದರಸ ನೆಕ್ಕಿಬಿಡ್ತು. ಒಳಗಿನ ಬಿಳೀದನ್ನ ಮಾತ್ರ ಮುಟ್ಟಲಿಲ್ಲ. ಎಷ್ಟು ಉಜ್ಜಿದ್ರೂ ಸುತ್ತ ಓಡಾಡಿ ದೂರ ನಿಂತ್ಕೊಳ್ತು.

"ನೋಡಮ್ಮ, ಪಾದರಸಾನೂ ಇದನ್ನ ಮುಟ್ಟಲ್ಲ ಅಂತಿದೆ," ಅಂದೆ. "ನಮ್ಮ ಕಡೆಯವನೇ ಇರ್ಬೇಕು ಈ ರಾಜ."

ಅಮ್ಮ ನಗಲಿಲ್ಲ. "ಸೀಸ ಅಲ್ಲ. ಬೆಳ್ಳಿ ಅಲ್ಲ. ಚಿನ್ನ ಅಲ್ಲ. ನನ್ನ ಕೈಗೆ ಇಷ್ಟು ವರ್ಷದಲ್ಲಿ ಇದು ಬಂದೇ ಇಲ್ಲ." ನಡುಗೋ ಬೆರಳಲ್ಲಿ ಅದನ್ನ ಎತ್ತಿ ಎತ್ತಿ ನೋಡಿದ್ಳು. ಅಮ್ಮನಿಗೆ ಗೊತ್ತಿಲ್ಲದ ಲೋಹ ಅಂತ ಒಂದಿದೆ ಅನ್ನೋದೇ ಅವಳಿಗೆ ಅವಮಾನ ಆದಂಗಿತ್ತು.

ನನಗೆ ತಲೆಹರಟೆ ಹತ್ತಿತು. ಒಂದು ವಾರ ಬಿಟ್ಟು, ಮುಖ ತೊಳ್ಕೊಂಡು, ಬಿಲ್ಲೆ ತಗೊಂಡು ಒರೆಗಲ್ಲು ಸಾಹುಕಾರ್ರ ಅಂಗಡಿಗೇ ಗಿರಾಕಿ ಥರ ಹೋದೆ. ಅವರು ಎಸೆದ ಮಾಲನ್ನ ಅವರ ಹತ್ರಾನೇ ಪರೀಕ್ಷೆ ಮಾಡಿಸಿದ್ರೆ ಏನಂತಾರೆ ನೋಡೋಣ ಅಂತ, ಅಷ್ಟೇ. ಬೇರೆ ಯಾವ ಮಾಸ್ಟರ್ ಪ್ಲಾನೂ ಇರಲಿಲ್ಲ. ಆಮೇಲೆ ಇತ್ತು ಅಂತ ಎಲ್ಲರಿಗೂ ಹೇಳ್ಕೊಂಡು ತಿರುಗಿದೆ.

"ಏನೇ ಡೈಲಾಗು, ಗುಡಿಸಿ ಆಯ್ತಲ್ಲ ಬೆಳಿಗ್ಗೆ."

"ಪರೀಕ್ಷೆ ಮಾಡಿಸೋಕೆ ಬಂದೆ ಸಾಹುಕಾರ್ರೇ. ಫೀಸು ತಂದಿದ್ದೀನಿ. ಚೀಟಿ ಬೇಕು."

ಬಿಲ್ಲೆ ತೆಗೆದು ತಕ್ಕಡಿ ತಟ್ಟೆ ಮೇಲೆ ಇಡೋಕೆ ಹೋದೆ. ಅವರು ನನ್ನ ಮಣಿಕಟ್ಟಿನ ಹತ್ರ ಕಡ್ಡಿಯಿಂದ ತಟ್ಟಿದ್ರು. ಕೈಯಿಂದ ಅಲ್ಲ, ಕಡ್ಡಿಯಿಂದ. ಅದಕ್ಕಂತಲೇ ಒಂದು ಕಡ್ಡಿ ಇಟ್ಕೊಂಡಿದ್ದಾರೆ.

"ತಕ್ಕಡಿ ಮುಟ್ಬೇಡ. ಅದರ ಮೇಲೆ ಜನ ಮದುವೆ ಉಂಗುರ ತೂಗಿಸ್ತಾರೆ. ಗಟಾರದ್ದನ್ನ ಅದರ ಮೇಲೆ ಇಡ್ತೀಯಾ? ನೆಲದ ಮೇಲೆ ಇಡು."

ನೆಲದ ಮೇಲೆ ಇಟ್ಟೆ. ಬೆಳಿಗ್ಗೆ ನಾನೇ ಗುಡಿಸಿದ ನೆಲ. ಅವರು ಕುರ್ಚಿಯಿಂದಲೇ ಬಗ್ಗಿ, ಇಕ್ಕಳದಲ್ಲಿ ತಿರುಗಿಸಿ ನೋಡಿದ್ರು. ತೂಗಲಿಲ್ಲ. ಇಷ್ಟು ದೊಡ್ಡ ಪರೀಕ್ಷಕರು, ಎದುರಿಗೆ ತಕ್ಕಡಿ, ತೂಗಲಿಲ್ಲ.

"ಇದೇ ಮೂತಿಯ ನಾಣ್ಯ ಹೋದ ವಾರ ನನಗೂ ಒಂದು ಬಂದಿತ್ತು," ಅಂದ್ರು. "ಅದಾದ್ರೂ ಮೇಲೊಂದಿಷ್ಟು ಚಿನ್ನ ಬಳ್ಕೊಂಡಿತ್ತು. ಇದಕ್ಕೆ ಆ ಯೋಗ್ಯತೆಯೂ ಇಲ್ಲ."

"ಹಾಗಂತ ಬರ್ಕೊಡಿ ಸಾಹುಕಾರ್ರೇ."

ನಗಾಡ್ತಾ ಬರೆದ್ರು. ತಂದವರು: ಗಟಾರ ತೊಳೆಯುವವಳ ಮಗಳು. ವಸ್ತು: ಬಿಳಿ ಕೀಳು ಲೋಹದ ಬಿಲ್ಲೆ, ದಪ್ಪ ಮೂಗಿನ ರಾಜನ ಮುಖ. ಗುರುತು: ಅಂಚಿನಲ್ಲಿ ಅರದ ಗೀರು. ಅಭಿಪ್ರಾಯ: ಖೋಟಾ. ಬೆಲೆಯಿಲ್ಲ. ತಂದವರಿಗೇ ಹಿಂತಿರುಗಿಸಲಾಗಿದೆ. ಸಹಿ, ಸೀಲು, ತಾರೀಖು. ಚೀಟಿಯನ್ನ ಮೇಲಿಂದ ಬಿಟ್ರು. ಗಾಳೀಲಿ ತೇಲ್ಕೊಂಡು ಬಂತು. ಸ್ಲೋ ಮೋಷನ್ ಅಂದ್ರೆ ಅದು. ಹಿಡ್ಕೊಂಡೆ.

ಮನೇಲಿ ಅಮ್ಮ ಬೈದ್ಳು. "ನಮ್ಮ ಅನ್ನಕ್ಕೆ ಕಲ್ಲು ಹಾಕೋದೇ ನಿನಗೆ ಕೆಲಸ." ಆದ್ರೂ ಚೀಟಿ ಹರೀಲಿಲ್ಲ. ಮಡಚಿ ಅಕ್ಕಿ ಡಬ್ಬದಲ್ಲಿ ಇಟ್ಳು. ಆಮೇಲೆ ಅಂದ್ಳು, "ಅವರು ಕಣ್ಣಲ್ಲಿ ನೋಡಿದ್ದಾರೆ. ನಾನು ಕೈಯಲ್ಲಿ ನೋಡಿದ್ದೀನಿ. ತೂಗೋರು ಯಾರಾದ್ರೂ ಬೇಕು."

ಊರಾಚೆ ಸರ್ಕಾರದ ಲೋಹ ಪರೀಕ್ಷೆ ಕಚೇರಿ ಇದೆ. ಅಲ್ಲಿಗೆ ಹೋದ್ವಿ. ಕನ್ನಡಕದ ಒಬ್ಬರು ಮೇಡಂ ಇದ್ರು. ಫಾರಂ ಕೊಟ್ರು. 'ವಸ್ತು ಸಿಕ್ಕ ಜಾಗ' ಅಂತ ಒಂದು ಸಾಲು.

"ತಾತನ ಕಾಲದ್ದು, ಪೆಟ್ಟಿಗೇಲಿ ಇತ್ತು ಅಂತ ಬರೀಲಾ?" ಅಂತ ಅಮ್ಮನ ಕಿವೀಲಿ ಕೇಳಿದೆ.

"ಗಟಾರ ಅಂತ ಬರಿ."

"ಅಮ್ಮ, ಇಮೇಜು."

"ಸಿಕ್ಕಿದ್ದು ಗಟಾರದಲ್ಲಿ. ಗಟಾರ ನಮ್ಮದು. ಬರಿ."

ಬರೆದೆ. ಮೇಡಂ ಓದಿದ್ರು. ಮುಖ ಕಿವುಚಲಿಲ್ಲ. "ಕೂತ್ಕೊಳ್ಳಿ ಅಮ್ಮ," ಅಂದ್ರು. ಅಮ್ಮ ಕುರ್ಚಿಯ ತುದೀಲಿ, ಯಾರಾದ್ರೂ ಎದ್ದೇಳು ಅಂದ್ರೆ ಸುಲಭ ಆಗ್ಲಿ ಅನ್ನೋ ಹಾಗೆ ಕೂತ್ಳು.

ಮೇಡಂ ಬಿಲ್ಲೆಯನ್ನ ಒಮ್ಮೆ ಹಾಗೇ ತೂಗಿದ್ರು. ಆಮೇಲೆ ದಾರ ಕಟ್ಟಿ ನೀರಿನ ಲೋಟದಲ್ಲಿ ಮುಳುಗಿಸಿ ಇನ್ನೊಮ್ಮೆ ತೂಗಿದ್ರು. ಅಮ್ಮ ಮುಂದಕ್ಕೆ ಬಗ್ಗಿದ್ಳು. "ನೀರಲ್ಲಿ ಎಷ್ಟು ಹಗುರ ಆಗುತ್ತೆ ಅಂತ ನೋಡ್ತೀರಾ?"

"ಹೌದು. ನಿಮಗೆ ಹೇಗೆ ಗೊತ್ತು?"

"ನಾನು ಮಾಡೋದೂ ಅದನ್ನೇ. ನನಗೆ ಗಾಜಿನ ಲೋಟ ಇಲ್ಲ."

ಆಮೇಲೆ ಒಂದು ಮೆಷಿನ್ನಿನೊಳಗೆ ಇಟ್ಟು ಬೆಳಕು ಹಾಯಿಸಿದ್ರು. ಎರಡು ಸಲ ನೋಡಿದ್ರು. ಒಳಗೆ ಹೋಗಿ ಒಂದು ದಪ್ಪ ಪುಸ್ತಕ ತಂದ್ರು. ಕೊನೆಗೆ ಕನ್ನಡಕ ತೆಗೆದ್ರು.

"ಅಮ್ಮ, ಇದು ಖೋಟಾ."

ಬಿಲ್ಲೆ ವಾಪಸ್ ತಗೊಳ್ಳೋಕೆ ನಾನು ಕೈ ಚಾಚಿದೆ.

"ಖೋಟಾನೇ. ಆದ್ರೆ ಪ್ಲಾಟಿನಂ. ನೂರೈವತ್ತು ವರ್ಷದ ಹಿಂದೆ ಈ ಲೋಹಕ್ಕೆ ಕೇಳೋರೇ ಇರಲಿಲ್ಲ, ಚಿನ್ನಕ್ಕಿಂತ ಎಷ್ಟೋ ಅಗ್ಗ. ತೂಕ ಮಾತ್ರ ಚಿನ್ನಕ್ಕೆ ಹೊಂದುತ್ತೆ. ಮೋಸಗಾರರು ಇದರಲ್ಲಿ ನಾಣ್ಯ ಅಚ್ಚು ಹಾಕಿ, ಮೇಲೆ ಚಿನ್ನ ಬಳಿದು ಓಡಿಸ್ತಿದ್ರು. ಸಿಕ್ಕಿದ್ದನ್ನೆಲ್ಲ ಆವಾಗ ನಾಶ ಮಾಡಿದ್ರು. ಉಳಿದಿರೋದು ಬೆರಳೆಣಿಕೆ. ಈಗ ಅಸಲಿ ನಾಣ್ಯ ಇಟ್ಕೊಂಡಿರೋರೇ ಈ ಖೋಟಾ ಹುಡುಕ್ಕೊಂಡು ಬರ್ತಾರೆ."

ಅಮ್ಮ ಒಂದೇ ಕೇಳಿದ್ಳು. "ಇದರ ಹೆಸರು ಇನ್ನೊಂದ್ಸಲ ಹೇಳಿ."

ಪ್ಲಾಟಿನಂ ಅಂದ್ರು. ಅಮ್ಮ ಬಾಯೊಳಗೇ ಮೂರು ಸಲ ಹೇಳ್ಕೊಂಡ್ಳು. ಗೊತ್ತಿಲ್ಲದ ಲೋಹ ಅಂತ ಇನ್ನು ಯಾವುದೂ ಇರಲಿಲ್ಲ ಅವಳಿಗೆ.

ಇಲ್ಲಿಗೆ ಪಿಕ್ಚರ್ ಮುಗೀಬೇಕಿತ್ತು. ನನ್ನ ಬಾಯಿಂದ ಇಂಟರ್ವಲ್ ಆಯ್ತು. ಮಾರನೇ ದಿನ ಗಟಾರದಲ್ಲಿ ನಿಂತು, ಗೋರು ಎತ್ತಿ, ಇಡೀ ಬೀದಿಗೆ ಕೇಳೋ ಹಾಗೆ ಡೈಲಾಗು ಹೊಡೆದೆ. "ಬಂಗಾರದ ಅಂಗಡಿಯವರು ಕೇಳಿಸ್ಕೊಳ್ಳಿ. ನಿಮ್ಮ ಶೋಕೇಸಲ್ಲಿ ಇಲ್ಲದ ಮಾಲು ನಮ್ಮ ಗಟಾರದಲ್ಲಿದೆ. ಹೆಸರು ಪ್ಲಾಟಿನಂ. ಮೂಗು ದಪ್ಪ, ಬೆಲೆ ಇನ್ನೂ ದಪ್ಪ."

ಹೆಂಗಸರು ನಕ್ಕರು. ಒರೆಗಲ್ಲು ಸಾಹುಕಾರ್ರು ನಗಲಿಲ್ಲ. ದಪ್ಪ ಮೂಗು ಅಂದ ಕೂಡಲೇ ಅವರಿಗೆ ಅರ್ಥ ಆಯ್ತು. ಸಂಜೆ ಹೊತ್ತಿಗೆ ಸಂಘದಿಂದ ಕರೆ ಬಂತು. ಆರೋಪ: ನಮ್ಮಮ್ಮ ಅಧ್ಯಕ್ಷರ ಅಂಗಡಿ ನೆಲ ಗುಡಿಸುವಾಗ ಅವರ ನಾಣ್ಯ ಕದ್ದಿದಾಳೆ.

ಕಳ್ಳಿ ಅಂತ ಸಂಘ ಒಂದು ಸಲ ಬರೆದ್ರೆ ಅಷ್ಟೇ. ಆ ಹೆಸರು ಎಲ್ಲ ಬೀದಿಗೂ ಹೋಗುತ್ತೆ. ಯಾವ ಗಟಾರವೂ ಸಿಗಲ್ಲ. ಅಮ್ಮನಿಗೆ ಬೇರೆ ಕೆಲಸ ಬರಲ್ಲ. ಆ ಕೈಗೆ ಇನ್ಯಾರೂ ಕೆಲಸ ಕೊಡೋದೂ ಇಲ್ಲ.

"ನನ್ನಿಂದ ಆಯ್ತಮ್ಮ," ಅಂದೆ.

"ಹೂಂ," ಅಂದ್ಳು. ಸಮಾಧಾನ ಮಾಡಲಿಲ್ಲ. ಅಕ್ಕಿ ಡಬ್ಬ ತಂದು ಎದುರಿಗಿಟ್ಳು. "ಚೀಟಿ ತೆಗಿ."

ಸಂಘದ ಕೋಣೆ ಮಹಡಿ ಮೇಲೆ. ಮರುದಿನ ಸಂಜೆ ಹತ್ತು ಹನ್ನೆರಡು ಸಾಹುಕಾರ್ರು ಮೇಜಿನ ಸುತ್ತ ಕೂತಿದ್ರು. ಹೆಂಗಸರೆಲ್ಲ ಮೆಟ್ಟಿಲ ಮೇಲೆ. ಅಮ್ಮ ಒಳಗೆ ಕಾಲಿಟ್ಳು.

"ಹೊಸ್ತಿಲಲ್ಲೇ ನಿಲ್ಲು. ಕಾಲು ಕೆಸರು," ಅಂದ ಒಬ್ಬ.

ದಿನಾ ಬೆಳಿಗ್ಗೆ ಆ ಕೋಣೆ ಗುಡಿಸೋದು ಅಮ್ಮನೇ. ಗುಡಿಸೋಕೆ ಒಳಗೆ ಬರಬಹುದು, ಮಾತಾಡೋಕೆ ಬರೋ ಹಾಗಿಲ್ಲ.

ಬಿಲ್ಲೆ ಕೇಳಿದ್ರು. ಅಮ್ಮ ಚಾಚಿದ್ಳು. ಕೈ ನಡುಗ್ತಿತ್ತು.

"ನೋಡಿ," ಅಂದ್ರು ಒರೆಗಲ್ಲು ಸಾಹುಕಾರ್ರು. "ನೋಡಿ, ಎಲ್ಲರೂ ನೋಡಿ. ಕಳ್ಳ ಕೈ ಹೇಗೆ ನಡುಗ್ತಿದೆ."

"ಪಾದರಸ," ಅಂದ್ಳು ಅಮ್ಮ. "ನಿಮ್ಮ ಬೀದಿ ತೊಳೆದಿದ್ದು. ಹದಿನೈದು ವರ್ಷದಿಂದ ನಡುಗ್ತಿದೆ. ನೀವು ಇವತ್ತು ನೋಡ್ತಿದ್ದೀರಿ."

ಸಾಹುಕಾರ್ರು ಬಂದು ಬಿಲ್ಲೆಯನ್ನ ಅಮ್ಮನ ಅಂಗೈಯಿಂದ ತಗೊಂಡ್ರು. ಬರಿ ಕೈಯಲ್ಲಿ. ಕಡ್ಡಿ ಇಲ್ಲ, ಇಕ್ಕಳ ಇಲ್ಲ. ಅವರ ಉಗುರು ಅಮ್ಮನ ಅಂಗೈಗೆ ತಾಕಿತು. ನೇರ ಮೇಜಿಗೆ ಹೋಗಿ ತಕ್ಕಡಿ ತಟ್ಟೆ ಮೇಲೆ ಇಟ್ರು. ಅದೇ ತಕ್ಕಡಿ. ಅಂಗಡಿಯಿಂದ ತಂದಿದ್ರು, ಮದುವೆ ಉಂಗುರದ್ದು.

"ತೂಕ ನೋಡಿ. ಪ್ಲಾಟಿನಂ. ನಾನು ಕೊಂಡಾಗಲೇ ಕಂಡುಹಿಡಿದಿದ್ದೆ. ಅಂಚಲ್ಲಿ ನನ್ನ ಅರದ ಗುರುತೂ ಇದೆ. ನನ್ನದೇ. ನನ್ನ ಮೇಜಿಂದ ಕೆಳಗೆ ಬಿದ್ದಿದ್ದನ್ನ ಈ ಹೆಂಗಸು ಗುಡಿಸಿಕೊಂಡು ಹೋಗಿದಾಳೆ."

ಆಗ ನನ್ನ ಎಂಟ್ರಿ. ಹಿನ್ನೆಲೆ ಸಂಗೀತ ಇರಲಿಲ್ಲ. ಯಾರದ್ದೋ ಕೆಮ್ಮು ಇತ್ತು. ಚೀಟಿ ಬಿಡಿಸಿ ಎದುರಂಗಡಿ ಸಾಹುಕಾರ್ರ ಕೈಗೆ ಕೊಟ್ಟೆ. ಅವರು ದಪ್ಪ ಧ್ವನಿಯವರು. ಓದೋದು ಶುರು ಮಾಡಿದ್ರೆ ಕೆಳಗಿನ ಬೀದಿಗೂ ಕೇಳಿಸುತ್ತೆ. ಬಿಳಿ ಕೀಳು ಲೋಹ. ದಪ್ಪ ಮೂಗಿನ ರಾಜ. ಅಂಚಿನಲ್ಲಿ ಅರದ ಗೀರು. ಖೋಟಾ. ಬೆಲೆಯಿಲ್ಲ. ತಂದವರಿಗೇ ಹಿಂತಿರುಗಿಸಲಾಗಿದೆ.

ಓದಿ ಮುಗಿಸಿ ಸಹಿ ನೋಡಿದ್ರು. ಸೀಲು ನೋಡಿದ್ರು. ಆಮೇಲೆ ಸಹಿ ಹಾಕಿದ ಮನುಷ್ಯನನ್ನ ನೋಡಿದ್ರು.

"ಅಧ್ಯಕ್ಷರೇ, ನಿಮ್ಮ ಚೀಟಿ ನಂಬಿ ನನ್ನ ಬೀರು ತುಂಬ ಹಳೇ ನಾಣ್ಯ ಇಟ್ಟಿದ್ದೀನಿ. ಈ ಚೀಟಿ ಸುಳ್ಳಾ?"

"ಅದು ಹಾಗಲ್ಲ."

"ಹೇಗೆ ಹೇಳಿ. ಕೊಂಡಾಗಲೇ ಪ್ಲಾಟಿನಂ ಅಂತ ಗೊತ್ತಿತ್ತು ಅಂದ್ರಿ. ಒಂದು ವಾರ ಬಿಟ್ಟು ಬೆಲೆ ಇಲ್ಲ ಅಂತ ಬರ್ಕೊಟ್ರಿ. ಗೊತ್ತಿದ್ದೂ ಬರ್ದಿದ್ದಾ, ಗೊತ್ತಿಲ್ಲದೆ ಬರ್ದಿದ್ದಾ?"

ಇನ್ನೊಬ್ರು ಎದ್ರು. "ನನ್ನ ಹತ್ರಾನೂ ಇವರ ಚೀಟಿ ಇದೆ." ಮತ್ತೊಬ್ರು ಎದ್ರು. ಅಮ್ಮನ ವಿಷಯ ಎಲ್ಲರಿಗೂ ಮರೆತೇ ಹೋಯ್ತು. ನ್ಯಾಯ ಅನ್ನೋದು ನಮ್ಮ ಕಡೆ ಬಂದಿದ್ದು ಹಾಗೆ. ನಮ್ಮನ್ನ ನೋಡ್ಕೊಂಡು ಬರಲಿಲ್ಲ, ಅವರವರ ಬೀರು ನೋಡ್ಕೊಂಡು ಬಂತು.

ಒರೆಗಲ್ಲು ಸಾಹುಕಾರ್ರು ಚೀಟಿ ನೋಡಿದ್ರು. ತಕ್ಕಡಿ ನೋಡಿದ್ರು. ಬೆವರು ಮೂಗಿನ ತುದೀಲಿ ನಿಂತಿತ್ತು. ಒಂದು ಕಡೆ ಒಂದು ಬಿಲ್ಲೆ. ಇನ್ನೊಂದು ಕಡೆ ಮೂವತ್ತು ವರ್ಷದ ಬೋರ್ಡು.

"ಚೀಟಿ ಸತ್ಯ," ಅಂದ್ರು ಕೊನೆಗೆ. "ನನ್ನ ಚೀಟಿ ಯಾವತ್ತೂ ಸುಳ್ಳಾಗಲ್ಲ. ಈ ಬಿಲ್ಲೆ ಬೆಲೆ ಇಲ್ಲದ್ದು. ಇದು ನನ್ನ ನಾಣ್ಯ ಅಲ್ಲ."

ತಕ್ಕಡಿಯ ಮುಳ್ಳು ಇನ್ನೂ ಪ್ಲಾಟಿನಂ ಅಂತಲೇ ಹೇಳ್ತಿತ್ತು. ಎಲ್ಲರೂ ಅದನ್ನ ನೋಡಿ ತಲೆ ಆಡಿಸಿದ್ರು. ಹೌದು, ಬೆಲೆ ಇಲ್ಲದ್ದು.

"ಹಾಗಾದ್ರೆ ನಾನೇನು ಕದ್ದೆ?" ಕೇಳಿದ್ಳು ಅಮ್ಮ.

ಅಮ್ಮ ಹೊಸ್ತಿಲು ದಾಟಿದ್ಳು. ಕೆಸರು ಕಾಲಲ್ಲೇ ಮೇಜಿನವರೆಗೂ ಹೋದ್ಳು. ಹೆಜ್ಜೆ ಗುರುತು ಒಂದೊಂದೂ ಬಿತ್ತು. ತಟ್ಟೆಯಿಂದ ಬಿಲ್ಲೆ ಎತ್ಕೊಂಡ್ಳು. "ಈ ನೆಲ ಇವತ್ತು ನೀವೇ ಒರೆಸ್ಕೊಳ್ಳಿ," ಅಂದ್ಳು.

ಮೆಟ್ಟಿಲಿಳಿದ್ವಿ. ನಾನು ತಲೇಲಿ ಡೈಲಾಗು ಜೋಡಿಸ್ತಿದ್ದೆ, ಗೇಟಿನ ಹತ್ರ ಹೊಡೆಯೋಕೆ. ಭಾರಿದೊಂದು ತಯಾರಾಗಿತ್ತು.

ಗೇಟಿನ ಹತ್ರ ಬೆಡ್‌ಶೀಟು ಹಾಸಿತ್ತು. ಬಾಚಣಿಗೆ ಮಾವ ನಿಂತಿದ್ದ. ಮೇಲೆ ಏನಾಯ್ತು ಅಂತ ಅವನಿಗೆ ಗೊತ್ತು. ಚೀಟಿ ಓದಿದ ಆ ದಪ್ಪ ಧ್ವನಿ ಇಡೀ ಬೀದಿಗೆ ಕೇಳಿಸಿತ್ತು. ಆದ್ರೂ ಬಾಚಣಿಗೆ ಕೈಯಲ್ಲೇ ಇತ್ತು.

"ಏನ್ಮಾಡ್ಲಕ್ಕ, ನನ್ನ ಡ್ಯೂಟಿ," ಅಂದ. "ಬಿಚ್ಚಿ."

ಅಮ್ಮ ನಿಂತ್ಳು. ಅವನ ಕಣ್ಣೆದುರೇ ಬಿಲ್ಲೆಯನ್ನ ಎತ್ತಿ ಹಿಡಿದ್ಳು. ನಡುಗೋ ಬೆರಳಲ್ಲಿ, ನಿಧಾನಕ್ಕೆ, ತುರುಬಿನ ಒಳಗೆ ತುರುಕಿದ್ಳು. ತುರುಬು ಬಿಗಿ ಮಾಡ್ಕೊಂಡ್ಳು.

"ಇಪ್ಪತ್ತೆರಡು ವರ್ಷ ಇದರಲ್ಲಿ ಏನೂ ಇರಲಿಲ್ಲ. ಬಿಚ್ಚಿ ತೋರಿಸಿದೆ," ಅಂದ್ಳು. "ಇವತ್ತು ಇದೆ. ಬಿಚ್ಚಲ್ಲ."

ಬಾಚಣಿಗೆ ಮಾವ ಬಾಚಣಿಗೆ ನೋಡಿದ. ಅದರ ಹಲ್ಲಿನ ಮಧ್ಯೆ ನಿನ್ನೆಯ ಎರಡೆಳೆ ಕೂದಲು ಸಿಕ್ಕೊಂಡಿತ್ತು, ಉದ್ದದ್ದು. ಇನ್ನೊಂದು ಕೈ ಚಾಚಿ ಗೇಟಿನ ಚಿಲಕ ತೆಗೆದ.

ಅಮ್ಮ ಬೆಡ್‌ಶೀಟ್ ಮೇಲೇ ನಡೆದು ಹೋದ್ಳು. ಹಿಂದೆ ಹತ್ತು ಜನ ಹೆಂಗಸರೂ ಅದರ ಮೇಲೇ ಹೋದ್ರು. ಕೊನೆಯವಳು ನಾನು. ಆ ಡೈಲಾಗು ಹೊಡೀಬೇಕು ಅಂತ ಬಾಯಿ ತೆಗೆದೆ. ಅಭ್ಯಾಸಬಲ, ಮಾವ ಬಗ್ಗಿ ಬಾಯೊಳಗೆ ನೋಡೋಕೆ ಬಂದ.

ಮುಚ್ಕೊಂಡೆ.